ವೈರಸ್ ಜ್ವರದ ಬೆನ್ನಿಗೆ ಬರುವ ಆಹಾರಜನ್ಯ ಸೋಂಕು: ಚಿಕ್ಕಬಳ್ಳಾಪುರ ಸೀಮೆ

ಫ್ಲೂ, ಕೋವಿಡ್-19, ದಡಾರ ಮುಂತಾದವು ಉಸಿರಿನ ಮೂಲಕ ಹರಡುವ ವೈರಸ್ ಕಾಯಿಲೆಗಳು. ಇಂಥ ಕಾಯಿಲೆ ಮೈಯಲ್ಲಿರುವಾಗ, ಅಥವಾ ಅದರಿಂದ ಚೇತರಿಸಿಕೊಳ್ಳುತ್ತಿರುವಾಗ, ಅನ್ನ ನೀರಿನ ಜೊತೆ ಹೊಟ್ಟೆಗೆ ಹೋದ ಬ್ಯಾಕ್ಟೀರಿಯ ಕೆಲವರಲ್ಲಿ ವಾಂತಿ-ಭೇದಿಗೆ ನಿಲ್ಲದೆ ರಕ್ತಕ್ಕೋ ಮಿದುಳಿನ ಪೊರೆಗೋ ಹರಡುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನೀರು, ಊಟ ಮತ್ತು ಔಷಧಿಯ ರೂಢಿಗಳನ್ನು ಮುಂದಿಟ್ಟುಕೊಂಡು ಈ ಜೋಡಿ ಸೋಂಕಿನ ಸ್ವರೂಪವನ್ನು ಇಲ್ಲಿ ವಿವರಿಸಿದೆ.

ವೈರಸ್ ಜ್ವರದ ಮೇಲೆ ಬ್ಯಾಕ್ಟೀರಿಯ ಎಂದೊಡನೆ ವೈದ್ಯರಿಗೆ ನೆನಪಾಗುವುದು ನ್ಯುಮೋನಿಯ. 1918ರ ಇನ್‌ಫ್ಲುಯೆಂಜದಲ್ಲಿ ಸತ್ತವರ ಪೈಕಿ ಬಹುಪಾಲು ಮಂದಿಯನ್ನು ಕೊಂದದ್ದು ವೈರಸ್ಸಿನ ಹಿಂದೆಯೇ ಶ್ವಾಸಕೋಶಕ್ಕಿಳಿದ ಬ್ಯಾಕ್ಟೀರಿಯ. ಅನ್ನದ ದಾರಿಯಿಂದ ಬರುವ ಎರಡನೇ ಸೋಂಕು ಅಷ್ಟು ಸಾಮಾನ್ಯವಲ್ಲ. ಅಪರೂಪದ್ದೆಂಬ ಕಾರಣಕ್ಕೇ ಅದನ್ನು ಯಾರೂ ಹುಡುಕುವುದಿಲ್ಲ, ಸಿಕ್ಕುವಷ್ಟರಲ್ಲಿ ತಡವಾಗಿರುತ್ತದೆ. ಎರಡು ರೋಗಗಳ ನಡುವಣ ಕೊಂಡಿ ಹಲವು ಸಲ ವೈರಸ್ಸಿಗಿಂತ ಹೆಚ್ಚಾಗಿ ಅದಕ್ಕೆಂದು ಕೊಟ್ಟ ಔಷಧಿಯೇ ಆಗಿರುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಸೀಮೆ ಮತ್ತು ನೀರು

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ, ಹುಟ್ಟಿ ಆಚೆ ಸೀಮೆಗೆ ಹೋಗುತ್ತವೆ. ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಜಕ್ಕಲಮಡಗು ಜಲಾಶಯವಿದೆ. ಹಳ್ಳಿಗಳು ನಂಬಿರುವುದು ಕೊಳವೆಬಾವಿಯನ್ನು. ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಮಾಡಿ ಕಂದವಾರ ಕೆರೆ ಮೊದಲಾದ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಮೇಲೆ ಅಂತರ್ಜಲ ಏರಿತೆಂಬ ಸಮಾಧಾನವೂ, ಮೂರನೇ ಹಂತದ ಶುದ್ಧೀಕರಣ ಇಲ್ಲವೆಂಬ ತಕರಾರೂ ಜೊತೆಜೊತೆಗೇ ಇವೆ. ಆ ನೀರು ಕುಡಿಯುವುದಕ್ಕೆಂದು ತಂದದ್ದಲ್ಲ, ಕೆರೆ ತುಂಬಿಸಿ ಭೂಮಿಗೆ ಇಂಗಿಸುವುದಕ್ಕೆ.

ಫ್ಲೋರೈಡಿಗೆ ಮದ್ದಾಗಿ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಘಟಕದ ನಲ್ಲಿಯಿಂದ ಬೀಳುವಾಗ ನೀರು ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಆಮೇಲೆ ಸೇರಿದ ಕೊಳೆಯನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ. ಕ್ಯಾನಿನ ಒಳಗೋಡೆಗೆ ಬೆರಳು ಆಡಿಸಿದರೆ ಲೋಳೆ ಹತ್ತುತ್ತದೆ. ಮನೆಗೆ ತಂದು ಬಿಂದಿಗೆಗೆ ಬಗ್ಗಿಸಿದ ಮೇಲೆ ಮನೆಮಂದಿಯೆಲ್ಲ ಅದೇ ಲೋಟ ಅದ್ದಿ ತೆಗೆಯುತ್ತಾರೆ. ಜ್ವರದವರಿಗೆ ಮಾತ್ರೆ ನುಂಗಲು ಕೊಡುವುದೂ ಅದೇ ನೀರನ್ನು. ಉದ್ದ ಹಿಡಿಯ ಸೌಟೊಂದನ್ನು ಬಿಂದಿಗೆಯ ಪಕ್ಕ ನೇತುಹಾಕಿದ್ದರೆ ಅರ್ಧ ಕೆಲಸ ಆಗುತ್ತದೆ, ನಲ್ಲಿಯಿರುವ ಡ್ರಮ್ಮು ಇನ್ನೂ ಮೇಲು.

ಉಸಿರಾಟದ ವೈರಸ್‌ಗಳೂ ಈ ಸೀಮೆಗೆ ಹೊಸಬರಲ್ಲ. 2020ರ ಮಾರ್ಚ್‌ನಲ್ಲಿ, ರಾಜ್ಯದಲ್ಲಿ ಕೋವಿಡ್ ಇನ್ನೂ ಬೆರಳೆಣಿಕೆಯಲ್ಲಿದ್ದಾಗಲೇ ಗೌರಿಬಿದನೂರು ಸುದ್ದಿಯಲ್ಲಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ತರಕಾರಿ ಲಾರಿಗಳು ಬೆಳಗಿನ ಜಾವವೇ ಬೆಂಗಳೂರು ಸೇರುತ್ತವೆ. ನಗರದಲ್ಲಿ ಎದ್ದ ಫ್ಲೂ ಇಲ್ಲಿಗೆ ಬರಲು ಒಂದು ಬಸ್ಸಿನ ಹೊತ್ತು ಸಾಕು. ಕರ್ನಾಟಕದಲ್ಲಿ ಫ್ಲೂ ಒಮ್ಮೆ ಮಳೆಗಾಲದಲ್ಲಿ, ಇನ್ನೊಮ್ಮೆ ವರ್ಷದ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಕೆರೆ, ಚರಂಡಿ, ಕುಡಿಯುವ ನೀರಿನ ಪೈಪು ಒಂದಕ್ಕೊಂದು ಬೆರೆಯುವುದೂ ಮಳೆಗಾಲದಲ್ಲೇ.

ಮೈಯೊಳಗೆ ಆಗುವುದೇನು

ಗಟ್ಟಿಮುಟ್ಟಾದ ಮನುಷ್ಯನೊಳಗೆ ಸಾಲ್ಮೊನೆಲ್ಲದಂಥ ರೋಗಾಣು ಬೇರೂರಬೇಕಾದರೆ ಮೂರು ಕಾವಲು ದಾಟಬೇಕು. ಜಠರದ ಆಮ್ಲ ಒಂದು. ಕರುಳಿನಲ್ಲಿ ಮೊದಲೇ ಠಿಕಾಣಿ ಹೂಡಿ ಹೊಸಬರಿಗೆ ಜಾಗ ಬಿಡದ ಸೂಕ್ಷ್ಮಜೀವಿಗಳು ಇನ್ನೊಂದು. ಜೀವಕೋಶದೊಳಗೆ ಅವಿತ ರೋಗಾಣುವನ್ನು ಪತ್ತೆಹಚ್ಚುವ ಟಿ-ಕೋಶಗಳು ಮೂರನೆಯದು.

ವೈರಸ್ ತಾನೇ ಇವುಗಳಲ್ಲಿ ಎರಡನ್ನು ಸಡಿಲಿಸುತ್ತದೆ. ಫ್ಲೂ ಬಂದಾಗ ಶ್ವಾಸಕೋಶದಲ್ಲಿ ಹುಟ್ಟುವ ಇಂಟರ್‌ಫೆರಾನ್ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸಿ ಸಾಲ್ಮೊನೆಲ್ಲಕ್ಕೆ ಹಾದಿ ಮಾಡಿಕೊಡುವುದನ್ನು 2016ರಲ್ಲಿ ಇಲಿಗಳ ಮೇಲೆ ತೋರಿಸಿದರು. ಶ್ವಾಸಕೋಶದ ಕಾಯಿಲೆ ಕರುಳಿನಲ್ಲಿ ಬಾಗಿಲು ತೆರೆಯುತ್ತದೆಂಬುದು ಅಲ್ಲಿಯ ಸೋಜಿಗ. ಕೋವಿಡ್ ವೈರಸ್ ಹಿಡಿದುಕೊಳ್ಳುವ ಎಸಿಇ-2 ಎಂಬ ಪ್ರೋಟೀನು ಸಣ್ಣಕರುಳಿನ ಒಳಪದರದಲ್ಲೂ ಧಾರಾಳವಾಗಿದೆ. ಕೋವಿಡ್ ರೋಗಿಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳು ಏರುಪೇರಾಗುವುದಕ್ಕೂ ರಕ್ತಕ್ಕೆ ಬ್ಯಾಕ್ಟೀರಿಯ ಸೇರುವುದಕ್ಕೂ ನಂಟಿದೆಯೆಂದು 2022ರ ಅಧ್ಯಯನವೊಂದು ಕಂಡುಕೊಂಡಿತು. ತೀವ್ರ ಕೋವಿಡ್‌ನಲ್ಲಿ ರಕ್ತದ ಲಿಂಫ್ ಕೋಶಗಳು ಕುಸಿಯುವುದಂತೂ ಮೊದಲ ತಿಂಗಳುಗಳಲ್ಲೇ ಗೊತ್ತಾಗಿತ್ತು.

ಉಳಿದ ಕೆಲಸವನ್ನು ಔಷಧಿ ಚೀಟಿ ಪೂರೈಸುತ್ತದೆ. ನೆಗಡಿ, ಕೆಮ್ಮು, ಮೈಕೈ ನೋವು ಎಂದು ಹೋದವರಿಗೆ ಸಿಗುವ ಚೀಟಿಯನ್ನು ಗಮನಿಸಿ. ಜ್ವರದ ಮಾತ್ರೆಯ ಜೊತೆಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ, ಮೂರು ದಿನಕ್ಕೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್. “ಸಾರ್, ನಾಳೆ ಕೆಲಸಕ್ಕೆ ಹೋಗ್ಬೇಕು, ಒಂದು ಸೂಜಿ ಹಾಕ್ಬಿಡಿ” ಎಂದು ಕೇಳಿದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಆಮ್ಲವನ್ನು ಇಳಿಸುತ್ತದೆ. ಅದನ್ನು ತೆಗೆದುಕೊಳ್ಳುವವರಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಸೋಂಕು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆಂಟಿಬಯಾಟಿಕ್ ಕರುಳಿನ ಹಳೇ ನಿವಾಸಿಗಳನ್ನು ಒಕ್ಕಲೆಬ್ಬಿಸುತ್ತದೆ. ಇಲಿಗೆ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲ ಬೇಕಾಗುತ್ತಿದ್ದಲ್ಲಿ, ಸ್ಟ್ರೆಪ್ಟೊಮೈಸಿನ್ ಕೊಟ್ಟ ಮೇಲೆ ಹತ್ತಕ್ಕೂ ಕಡಿಮೆ ಸಾಕಾಯಿತೆಂಬುದು 1950ರ ದಶಕದಷ್ಟು ಹಳೆಯ ತಿಳಿವಳಿಕೆ. ಸ್ಟೀರಾಯ್ಡ್ ಟಿ-ಕೋಶಗಳ ಕೈ ಕಟ್ಟುತ್ತದೆ. ಮೂರೂ ಕಾವಲು ಒಂದೇ ಚೀಟಿಯಲ್ಲಿ ಹೋದವು.

ಸ್ಟೀರಾಯ್ಡ್ ಕೆಟ್ಟದ್ದೆಂದು ಇದರ ಅರ್ಥವಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿದಂತೆ, ಆಮ್ಲಜನಕ ಬೇಕಾದ ಕೋವಿಡ್ ರೋಗಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಹತ್ತು ದಿನದವರೆಗೆ ಕೊಟ್ಟರೆ ಜೀವ ಉಳಿಯುವ ಸಂಭವ ಹೆಚ್ಚು. ಆಮ್ಲಜನಕ ಬೇಡದವರಿಗೆ ಅದೇ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಅಜಿತ್ರೊಮೈಸಿನ್‌ನಿಂದ ಕೋವಿಡ್‌ಗೆ ಉಪಯೋಗವಿಲ್ಲವೆಂಬುದೂ 2021ರ ಹೊತ್ತಿಗೆ ಖಚಿತವಾಯಿತು. ಚೀಟಿಗಳು ಅಷ್ಟು ಬೇಗ ಬದಲಾಗಲಿಲ್ಲ.

ಸಕ್ಕರೆ ಕಾಯಿಲೆಯವರಲ್ಲಿ ಈ ಅಪಾಯ ಇನ್ನಷ್ಟು. ಸ್ಟೀರಾಯ್ಡಿನಿಂದ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಬಿಳಿ ರಕ್ತಕಣಗಳನ್ನು ಮಂದವಾಗಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಕಣ್ಣು, ದವಡೆ ತಿಂದದ್ದು ಹೆಚ್ಚಾಗಿ ಇಂಥವರನ್ನೇ. ಶಿಡ್ಲಘಟ್ಟದಲ್ಲಿ ಇನ್ನೊಂದು ಗುಂಪನ್ನೂ ನೆನೆಯಬೇಕು. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಗೂಡಿನ ಪ್ರೋಟೀನು ಆವಿಯೊಂದಿಗೆ ಶ್ವಾಸಕ್ಕೆ ಸೇರಿ ಕೆಲವರಿಗೆ ಉಬ್ಬಸ ಹಿಡಿಯುತ್ತದೆ. ಇನ್‌ಹೇಲರ್ ಸೇದುವವರ ಮಾತು ಬೇರೆ, ಅದರಿಂದ ಮೈಗೆಲ್ಲ ಸ್ಟೀರಾಯ್ಡ್ ಹರಡುವುದು ಕಡಿಮೆ. ಅದನ್ನು ಬಿಟ್ಟು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದ ಉಬ್ಬಸದ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರು ಫ್ಲೂ ಬರುವ ಮೊದಲೇ ಕಾವಲು ಕಳೆದುಕೊಂಡಿರುತ್ತಾರೆ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರ ಕರುಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವೂ ಸ್ಟೀರಾಯ್ಡ್ ಬಿದ್ದಾಗ ಮೈಯೆಲ್ಲ ಹರಿದಾಡಿ, ಕರುಳಿನ ಬ್ಯಾಕ್ಟೀರಿಯವನ್ನು ರಕ್ತಕ್ಕೆ ಹೊತ್ತೊಯ್ಯುತ್ತದೆ. ಅದು ಆಹಾರದಿಂದ ಬಂದದ್ದಲ್ಲ, ಆದರೆ ಹಾಸಿಗೆಯ ಮೇಲೆ ಕಾಣುವ ಚಿತ್ರ ಒಂದೇ.

ದಡಾರ

ಉಸಿರಾಟದ ವೈರಸ್ ಮತ್ತು ಹೊಟ್ಟೆಯ ಸೋಂಕಿನ ನಂಟಿಗೆ ಎಲ್ಲಕ್ಕಿಂತ ಹಳೆಯ ಸಾಕ್ಷಿ ದಡಾರ. ಕೆಮ್ಮು ಸೀನಿನಿಂದ ಹರಡುವ ಈ ವೈರಸ್, ಮಗು ಹಿಂದೆ ಗಳಿಸಿದ್ದ ರೋಗನಿರೋಧಕ ನೆನಪನ್ನೇ ಅಳಿಸಿಹಾಕುತ್ತದೆ. ಗುಳ್ಳೆ ಇಳಿದ ಮೇಲೆ ವಾರಗಟ್ಟಲೆ ಭೇದಿ ಹಿಡಿದು ಮಕ್ಕಳು ಸೊರಗುತ್ತಿದ್ದುದನ್ನು ಅಜ್ಜಿಯರು ಕಂಡವರೇ. ಎ ಜೀವಸತ್ವದ ಕೊರತೆಯಿದ್ದ ಮಕ್ಕಳಲ್ಲಿ ಸಾವು ಹೆಚ್ಚು, ಆದ್ದರಿಂದಲೇ ದಡಾರ ಬಂದ ಮಗುವಿಗೆ ಎರಡು ದಿನ ಎ ಜೀವಸತ್ವದ ದ್ರಾವಣ ಕುಡಿಸುತ್ತಾರೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ರೋಗಾಣುಗಳು

ಈ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಟೈಫಾಯ್ಡ್, ಪಠ್ಯಪುಸ್ತಕದ ವಿಷಮಶೀತ ಜ್ವರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 90 ಲಕ್ಷ ಮಂದಿಗೆ ಇದು ಬಂದು 1,10,000 ಮಂದಿ ಸತ್ತರು. ಸಾಲ್ಮೊನೆಲ್ಲದ ಒಂದು ಬಗೆಯಾದ ಇದರ ರೋಗಾಣು ಮನುಷ್ಯನಲ್ಲಿ ಮಾತ್ರ ಬದುಕುತ್ತದೆ, ಒಬ್ಬನ ಮಲದಿಂದ ಇನ್ನೊಬ್ಬನ ಬಾಯಿಗೆ ನೀರಿನ ಮೂಲಕವೋ ಅಡುಗೆಯವರ ಕೈಯಿಂದಲೋ ಬರುತ್ತದೆ. ಹೊಟ್ಟೆಗೆ ಹೋದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಸುಮ್ಮನಿದ್ದು ಜ್ವರವಾಗಿ ಏಳುತ್ತದೆ. ಹಲವರಿಗೆ ಮೊದಲ ವಾರ ಒಣಕೆಮ್ಮೂ ಇರುತ್ತದೆ, ಭೇದಿಯ ಬದಲು ಮಲಬದ್ಧತೆಯೂ ಇರಬಹುದು. ಅತ್ತ ಕೋವಿಡ್ ಕೆಲವರಲ್ಲಿ ಭೇದಿಯಿಂದಲೇ ಶುರುವಾಗುತ್ತದೆ. ಮೊದಲ ಮೂರು ದಿನದಲ್ಲಿ ಎರಡನ್ನೂ ಬರೀ ನೋಡಿ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ.

ಗಮನಿಸಬೇಕಾದದ್ದು ಜ್ವರದ ನಡಿಗೆಯನ್ನು. ಫ್ಲೂ ಜ್ವರ ಮೂರರಿಂದ ಐದು ದಿನದಲ್ಲಿ ಇಳಿಯುತ್ತದೆ. ಇಳಿದು, ಎರಡು ದಿನ ಹಸಿವಾಗಿ, ಮತ್ತೆ ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಏರತೊಡಗಿದರೆ ಅದು ಬೇರೆಯದೇ ಜ್ವರ. ಚಿಕಿತ್ಸೆ ಸಿಗದೆ ಮೂರನೇ ವಾರಕ್ಕೆ ಕಾಲಿಟ್ಟರೆ ಸಣ್ಣಕರುಳು ತೂತಾಗಬಹುದು, ರಕ್ತಸ್ರಾವವಾಗಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಕರುಳು ತೂತಾದರೂ ಹೊಟ್ಟೆ ಬಿಗಿಯುವ ಲಕ್ಷಣ ಮಸುಕಾಗಿಯೇ ಇರುತ್ತದೆ. ನೋವು ಕಡಿಮೆಯಾಯಿತೆಂದು ಮನೆಯವರು ನೆಮ್ಮದಿಗೊಳ್ಳುವ ಹೊತ್ತು ಅದೇ ಆಗಿರಬಹುದು.

ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಗಳು ಕೋಳಿ, ಮೊಟ್ಟೆಯಿಂದ ಬರುತ್ತವೆ. ಆರು ಗಂಟೆಯಿಂದ ಮೂರು ದಿನದೊಳಗೆ ವಾಂತಿ-ಭೇದಿ ಶುರುವಾಗಿ ಬಹಳ ಮಂದಿಗೆ ತಾನಾಗಿ ವಾಸಿಯಾಗುತ್ತದೆ. ಮುದುಕರು, ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ನುಂಗುವವರಲ್ಲಿ ಮಾತ್ರ ರಕ್ತಕ್ಕೆ ಇಳಿದು, ಗಟ್ಟಿಯಾದ ಮಹಾಪಧಮನಿಯ ಗೋಡೆಯಲ್ಲೋ ಮೂಳೆಯಲ್ಲೋ ಮನೆ ಮಾಡುತ್ತದೆ.

ಲಿಸ್ಟೀರಿಯ ವಿಚಿತ್ರ ರೋಗಾಣು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಿಂದು 70 ದಿನದವರೆಗೂ ಕಾದು ಏಳಬಲ್ಲದು, ಹೀಗಾಗಿ ಯಾವ ಊಟದಿಂದ ಬಂತೆಂದು ರೋಗಿಗೆ ನೆನಪಿರುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ 2017-18ರಲ್ಲಿ ಸಂಸ್ಕರಿಸಿದ ಮಾಂಸದಿಂದ ಹಬ್ಬಿ ಸಾವಿರಕ್ಕೂ ಹೆಚ್ಚು ಮಂದಿಗೆ ತಗುಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೋವಿಡ್‌ಗೆಂದು ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟೊಸಿಲಿಜುಮ್ಯಾಬ್ ಪಡೆದವರಲ್ಲಿ ಲಿಸ್ಟೀರಿಯ ರಕ್ತಸೋಂಕು ಕಂಡ ಪ್ರಕರಣಗಳು ಬೇರೆ ದೇಶಗಳಿಂದ ವರದಿಯಾಗಿವೆ. ಅದರ ನಿಜವಾದ ಕುತ್ತು ಚಿಕಿತ್ಸೆಯಲ್ಲಿದೆ. ನಮ್ಮಲ್ಲಿ ಗಂಭೀರ ಜ್ವರ ಎಂದರೆ ಸೆಫ್ಟ್ರಿಯಾಕ್ಸೋನ್. ಆ ಔಷಧಿ ಲಿಸ್ಟೀರಿಯಕ್ಕೆ ನಾಟುವುದೇ ಇಲ್ಲ, ಆಂಪಿಸಿಲಿನ್ ಬೇಕು. ಗರ್ಭಿಣಿಗೆ ಫ್ಲೂ ಥರದ ಜ್ವರ ಬಂದಾಗ ಇದೂ ನೆನಪಿಗೆ ಬರಬೇಕು, ಏಕೆಂದರೆ ತಾಯಿಗೆ ಬರೀ ಮೈಕೈ ನೋವಾಗಿ ಕಂಡದ್ದು ಹೊಟ್ಟೆಯ ಮಗುವಿನ ಜೀವ ತೆಗೆಯಬಹುದು.

ಕ್ಯಾಂಪಿಲೊಬ್ಯಾಕ್ಟರ್ ಭೇದಿ ವಾಸಿಯಾದ ಮೇಲೆ ಕೆಲವರಿಗೆ ಕಾಲಿನಿಂದ ಶುರುವಾಗಿ ಮೇಲೇರುವ ಗಿಲಾನ್-ಬಾರಿ ಪಾರ್ಶ್ವವಾಯು ಬರುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಹಾಗೆ ಹಲವರು ಆಸ್ಪತ್ರೆ ಸೇರಿದಾಗ ಕೆಲವರ ಮಲದಲ್ಲಿ ಈ ರೋಗಾಣು ಸಿಕ್ಕಿತು, ಬೆರಳು ನೀರಿನ ಕಡೆ ತಿರುಗಿತು. ಇದೇ ಪಾರ್ಶ್ವವಾಯು ಉಸಿರಾಟದ ಸೋಂಕಿನ ಬಳಿಕವೂ ಬರುವುದುಂಟು. ಕಾಲರಾ, ಶಿಗೆಲ್ಲ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಕುಡಿಯುವ ನೀರು ಕೆಟ್ಟರೆ ಎಷ್ಟು ಬೇಗ ಜೀವ ಹೋಗುತ್ತದೆಂಬುದನ್ನು 2022ರಲ್ಲಿ ರಾಯಚೂರೂ 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯೂ ತೋರಿಸಿವೆ.

ಊಟ ಕೆಡಿಸಿತೆಂಬ ಪ್ರಕರಣವೆಲ್ಲ ಬ್ಯಾಕ್ಟೀರಿಯದ್ದಲ್ಲ. 2019ರ ಜನವರಿಯಲ್ಲಿ ಚಿಂತಾಮಣಿಯ ಗಂಗಮ್ಮನ ಗುಡಿಯಲ್ಲಿ ಪ್ರಸಾದ ತಿಂದು ಇಬ್ಬರು ಮಹಿಳೆಯರು ಸತ್ತದ್ದು ವಿಷ ಬೆರೆತದ್ದರಿಂದ. ತಿಂದ ಕೆಲವೇ ಹೊತ್ತಿನಲ್ಲಿ, ಜ್ವರವಿಲ್ಲದೆ, ಒಟ್ಟಿಗೆ ಹಲವರು ಬಿದ್ದರೆ ರಾಸಾಯನಿಕದ ಶಂಕೆ ಮೊದಲು ಬರಬೇಕು. ಜ್ವರ ತರುವ ಬ್ಯಾಕ್ಟೀರಿಯಕ್ಕೆ ಬೆಳೆಯಲು ಹೊತ್ತು ಬೇಕು.

ಅಡುಗೆಮನೆ, ಸಂತೆ, ಜಾತ್ರೆ

ಈ ಸೀಮೆಯ ಅಡುಗೆ ಬಹುಮಟ್ಟಿಗೆ ಸುರಕ್ಷಿತ. ಸೊಪ್ಪನ್ನು ಹಸಿಯಾಗಿ ತಿನ್ನುವ ರೂಢಿಯಿಲ್ಲ, ಮಸ್ಸೊಪ್ಪು ಬಸ್ಸಾರುಗಳಲ್ಲಿ ಅದು ಚೆನ್ನಾಗಿ ಬೆಂದೇ ಬರುತ್ತದೆ. ಮುದ್ದೆ ಒಲೆಯಿಂದ ನೇರ ತಟ್ಟೆಗೆ ಬೀಳುತ್ತದೆ. ಡೇರಿಯ ಪ್ಯಾಕೆಟ್ ಹಾಲನ್ನೂ ಮತ್ತೆ ಉಕ್ಕಿಸಿಯೇ ಕಾಫಿ ಮಾಡುತ್ತಾರೆ. ಪಶ್ಚಿಮದ ದೇಶಗಳಲ್ಲಿ ಹಸಿ ಹಾಲಿನ ಗಿಣ್ಣಿನಿಂದ, ಎಲೆ ತರಕಾರಿಯಿಂದ ಹಬ್ಬುವ ಲಿಸ್ಟೀರಿಯ ಇಲ್ಲಿ ಅಷ್ಟು ಸುಲಭವಾಗಿ ದಾರಿ ಕಾಣದಿರುವುದಕ್ಕೆ ಈ ಕುದಿಸುವ ಅಭ್ಯಾಸವೂ ಒಂದು ಕಾರಣವಿರಬೇಕು.

ತೊಂದರೆ ಬರುವುದು ಬೇಯಿಸಿದ್ದಕ್ಕೆ ಆಮೇಲೆ ಸೇರಿಸುವುದರಿಂದ, ಬೇಯಿಸದೆ ಹಂಚುವುದರಿಂದ. ಸಾರಿನ ಮೇಲೆ ಉದುರಿಸುವ ಕೊತ್ತಂಬರಿ, ಪಾನಿಪೂರಿಯ ಪುದೀನ ನೀರು, ಕತ್ತರಿಸಿಟ್ಟ ಪಪ್ಪಾಯ, ಕಲ್ಲಂಗಡಿ. ರಾಮನವಮಿಯ ಪಾನಕ, ಮಜ್ಜಿಗೆ, ಕೋಸಂಬರಿ ಮೂರೂ ಒಲೆ ಕಾಣದವು. ಪಾನಕದ ಡ್ರಮ್ಮಿಗೆ ಹಾಕುವ ಐಸ್ ಗಡ್ಡೆ ಗೋಣಿಚೀಲದಲ್ಲಿ, ಆಟೋದ ನೆಲದ ಮೇಲೆ ಬಂದದ್ದು. ಬಿಸಿಲಲ್ಲಿ ನಿಂತವನಿಗೆ ಅದು ಅಮೃತವೇ, ಹೋದ ವಾರವಷ್ಟೇ ಆಸ್ಪತ್ರೆಯಿಂದ ಬಂದ ಅಜ್ಜನಿಗೆ ಮಾತ್ರ ಬೇಡ.

ಕಾಯಿಲೆಯವರಿಗೆ ಶಕ್ತಿ ಬರಲೆಂದು ಕೊಡುವ ತಿನಿಸಿನಲ್ಲೂ ಎರಡು ಬಗೆಯಿದೆ. ಗಂಜಿ, ಮೆಣಸಿನ ಸಾರು, ಗಂಟೆಗಟ್ಟಲೆ ಕುದ್ದ ಕಾಲುಸೂಪು ಒಳ್ಳೆಯವು. ನಾಟಿಕೋಳಿಯ ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಸುವುದು ಇನ್ನೊಂದು ಬಗೆ. ನಾಟಿಕೋಳಿ ಎಂಬ ಕಾರಣಕ್ಕೆ ಅದರಲ್ಲಿ ಸಾಲ್ಮೊನೆಲ್ಲ ಇರುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಬಿಳಿ, ಹಳದಿ ಎರಡೂ ಗಟ್ಟಿಯಾಗುವಷ್ಟು ಬೇಯಿಸಿ ಕೊಟ್ಟರೆ ಶಕ್ತಿಯೇನೂ ಕಡಿಮೆಯಾಗುವುದಿಲ್ಲ.

ಉಸಿರಾಟದ ವೈರಸ್ಸೂ ಊಟದ ಬ್ಯಾಕ್ಟೀರಿಯವೂ ಒಂದೇ ಕಡೆ ಕೂಡುವ ಜಾಗ ಕೋಳಿಗೂಡು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾಗಿ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಜನ ಕೋಳಿ ತಿನ್ನುವುದನ್ನೇ ಬಿಟ್ಟರು. ಚೆನ್ನಾಗಿ ಬೆಂದ ಮಾಂಸದಲ್ಲಿ ಆ ವೈರಸ್ಸೂ ಉಳಿಯದು, ಸಾಲ್ಮೊನೆಲ್ಲವೂ ಉಳಿಯದು. ಅಪಾಯವಿರುವುದು ಬೇಯುವ ಮೊದಲಿನ ಹತ್ತು ನಿಮಿಷದಲ್ಲಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸಕ್ಕೆ ತೊಳೆದಾಗ ಹನಿಗಳು ಪಕ್ಕದ ಪಾತ್ರೆಗಳ ಮೇಲೆಲ್ಲ ಹಾರುತ್ತವೆ. ಅದೇ ಈಳಿಗೆಮಣೆಯಲ್ಲಿ, ಬರೀ ನೀರು ಸುರಿದು, ನಂಜಿಕೊಳ್ಳುವ ಈರುಳ್ಳಿಯನ್ನೂ ಹೆಚ್ಚುತ್ತಾರೆ. ಕೋಳಿ ಬೇಯುತ್ತದೆ, ಈರುಳ್ಳಿ ಬೇಯುವುದಿಲ್ಲ.

ಪತ್ತೆ

ಇಲ್ಲಿ ಅತಿ ದೊಡ್ಡ ಅಡ್ಡಿ ವಿಡಾಲ್ ಪರೀಕ್ಷೆ. 1896ರಲ್ಲಿ ಬಂದ ಈ ಅಗ್ಗದ ಪರೀಕ್ಷೆ ಪ್ರತಿಕಾಯಗಳನ್ನು ಹುಡುಕುತ್ತದೆಯೇ ಹೊರತು ರೋಗಾಣುವನ್ನಲ್ಲ. ಟೈಫಾಯ್ಡ್ ಬೇರೂರಿದ ಸೀಮೆಯಲ್ಲಿ ಹಳೇ ಸೋಂಕಿನ ಗುರುತೂ ಅದರಲ್ಲಿ ಕಾಣುತ್ತದೆ, ಬೇರೆ ಜ್ವರಗಳಲ್ಲೂ ಏರಬಹುದು. 2021ರ ಎರಡನೇ ಅಲೆಯಲ್ಲಿ ದೇಶದ ಎಷ್ಟೋ ಹಳ್ಳಿಗಳಲ್ಲಿ ಕೋವಿಡ್ ಜ್ವರವನ್ನು ಟೈಫಾಯ್ಡ್ ಎಂದು ಕರೆದರು. ಜನಕ್ಕೂ ಅದು ಹಿತವಾಗಿತ್ತು, ಟೈಫಾಯ್ಡ್ ಎಂದರೆ ಮನೆಗೆ ಸೀಲ್ ಬೀಳುವುದಿಲ್ಲ. ಡ್ರಿಪ್ ಹಾಕಿಸಿಕೊಂಡು ಕೂತವರ ಆಮ್ಲಜನಕ ಕುಸಿದದ್ದು ತಡವಾಗಿ ತಿಳಿಯಿತು. ಇದಕ್ಕೆ ತಿರುಗುಮುರುಗಾದ ತಪ್ಪೂ ಅಷ್ಟೇ ದುಬಾರಿ. ಕೋವಿಡ್ ಪಾಸಿಟಿವ್ ಎಂದ ಮೇಲೆ ಬಂದ ಎರಡನೇ ಜ್ವರವನ್ನೂ ಕೋವಿಡ್ ಲೆಕ್ಕಕ್ಕೇ ಬರೆದು ಸ್ಟೀರಾಯ್ಡ್ ಮುಂದುವರಿಸುವುದು ಅದು.

ನಂಬಬಹುದಾದದ್ದು ರಕ್ತದ ಕಲ್ಚರ್. ಆಂಟಿಬಯಾಟಿಕ್ ಶುರುಮಾಡುವ ಮೊದಲು ವಯಸ್ಕರಿಂದ ಎಂಟು-ಹತ್ತು ಮಿಲಿಲೀಟರ್ ರಕ್ತ ತೆಗೆದು ಬೆಳೆಸಬೇಕು. ಎಲ್ಲ ಸರಿಯಾಗಿ ಮಾಡಿದರೂ ಟೈಫಾಯ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ರೋಗಿಗಳಲ್ಲಷ್ಟೇ ರೋಗಾಣು ಸಿಗುತ್ತದೆ, ಮೊದಲೇ ಅಜಿತ್ರೊಮೈಸಿನ್ ನುಂಗಿದ್ದರೆ ಇನ್ನೂ ಕಡಿಮೆ. ಈ ಸೌಲಭ್ಯಕ್ಕೆ ಚಿಂತಾಮಣಿಯವರು ಕೋಲಾರದ ಟಮಕದ ಕಡೆಗೂ, ಗೌರಿಬಿದನೂರಿನವರು ಹಿಂದೂಪುರಕ್ಕೋ ಬೆಂಗಳೂರಿಗೋ ಮುಖ ಮಾಡುವುದುಂಟು. ರಕ್ತವನ್ನು ಇಲ್ಲೇ ತೆಗೆದು ಬಾಟಲಿಯನ್ನು ಕಳಿಸಿದರೂ ಸಾಕು, ರೋಗಿಯೇ ಹೋಗಬೇಕೆಂದಿಲ್ಲ. ಮಾದರಿ ತೆಗೆಯುವ ಮುನ್ನವೇ ಸೂಜಿ ಚುಚ್ಚಿದರೆ ಬೆಂಗಳೂರಿನ ಯಾವ ದೊಡ್ಡ ಪ್ರಯೋಗಾಲಯವೂ ಅದನ್ನು ಸರಿಪಡಿಸಲಾರದು.

ಚಿಕಿತ್ಸೆ ಮತ್ತು ಲಸಿಕೆ

ವಾಂತಿ-ಭೇದಿಗೆ ಮೊದಲ ಮದ್ದು ಓಆರ್‌ಎಸ್. ಕೋವಿಡ್, ಫ್ಲೂ ರೋಗಿಯಲ್ಲಿ ಶ್ವಾಸಕೋಶ ಮೊದಲೇ ನೊಂದಿರುವುದರಿಂದ ಡ್ರಿಪ್ ಅತಿಯಾದರೂ ತೊಂದರೆ, ಅಳತೆ ನೋಡಿ ಹಾಕಬೇಕು. ಜ್ವರ, ರಕ್ತಭೇದಿ ಇರುವಾಗ ಭೇದಿ ಕಟ್ಟುವ ಮಾತ್ರೆ ಸಲ್ಲದು. ಟೈಫಾಯ್ಡಿಗೆ 1948ರಲ್ಲಿ ಕ್ಲೋರಾಮ್ಫೆನಿಕಾಲ್ ಪವಾಡದಂತೆ ಬಂತು, ಪ್ರತಿರೋಧ ಬೆಳೆದು ಹೋಯಿತು. ಸಿಪ್ರೊಫ್ಲಾಕ್ಸಾಸಿನ್ ಬಂತು, ಭಾರತದಲ್ಲಿ ಅದೂ ಬಹುಪಾಲು ನಿರುಪಯೋಗಿ. ಈಗ ನಂಬಿರುವುದು ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹಬ್ಬಿದ ತಳಿಗೆ ಸೆಫ್ಟ್ರಿಯಾಕ್ಸೋನ್ ನಾಟದು, ಬಾಯಿಂದ ಕೊಡಬಹುದಾದ್ದು ಅಜಿತ್ರೊಮೈಸಿನ್ ಒಂದೇ. ಸಾಧಾರಣ ನೆಗಡಿಗೂ ಅದನ್ನೇ ಖರ್ಚು ಮಾಡುತ್ತಿದ್ದೇವೆ.

ಮೂರು ವಾರಕ್ಕಿಂತ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರು ಸೋಂಕಿಗೆ ಹೆದರಿ ಅದನ್ನು ತಟ್ಟನೆ ನಿಲ್ಲಿಸಬಾರದು. ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗುತ್ತದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಅವರ ಹಳೇ ಚೀಟಿಯನ್ನು ಹೊಸ ವೈದ್ಯರಿಗೆ ತೋರಿಸುವುದು ಮನೆಯವರ ಕೆಲಸ.

ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಸಿಕ್ಕಿದ್ದು 2017ರ ಕ್ಯಾಲೆಂಡರ್ ಮುಗಿಯುವ ಹೊತ್ತಿಗೆ. ಆರು ತಿಂಗಳು ದಾಟಿದ ಮಕ್ಕಳಿಗೂ ಒಂದೇ ಸೂಜಿಯಲ್ಲಿ ಕೊಡಬಹುದು. ನವಿ ಮುಂಬೈ 2018ರಲ್ಲಿ ಊರ ಮಕ್ಕಳಿಗೆಲ್ಲ ಹಾಕಿಸಲು ಹೊರಟಿತು. ಈ ಸೀಮೆಯಲ್ಲಿ ಖಾಸಗಿ ಮಕ್ಕಳ ಆಸ್ಪತ್ರೆಯಲ್ಲಿ ಹಣ ಕೊಟ್ಟು ಹಾಕಿಸುವವರೇ ಹೆಚ್ಚು. ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ ಅರವತ್ತು ದಾಟಿದವರಿಗೆ, ಉಬ್ಬಸ ಮತ್ತು ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ತಕ್ಕದ್ದು. ಟೈಫಾಯ್ಡ್ ಲಸಿಕೆ ಪ್ಯಾರಾಟೈಫಾಯ್ಡನ್ನಾಗಲಿ ಕೋಳಿ-ಮೊಟ್ಟೆಯ ಸಾಲ್ಮೊನೆಲ್ಲವನ್ನಾಗಲಿ ತಡೆಯುವುದಿಲ್ಲ.